ಒರೆಸಲು ಬಾರದ ಗುಡ್ಡ

ಗಣಿಗಳ ಅದಿರು ಹಗಲೂ ರಾತ್ರಿ ಸಾಗುತ್ತಿದ್ದ ಕಾಲದಲ್ಲಿ ಹೊಸಪೇಟೆಯ ಹೆಂಗಸರಿಗೆ ಬೆಳಿಗ್ಗೆ ಎದ್ದ ಕೂಡಲೇ ಇದ್ದ ಕೆಲಸ ಒರೆಸುವುದು. ಕಿಟಕಿ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಕುರ್ಚಿ, ಟೀವಿ, ದೇವರ ಪಟ ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಮರಿಯಮ್ಮನಹಳ್ಳಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ನಾನೂ ಒರೆಸುತ್ತಿದ್ದೆ, ಬೈದುಕೊಂಡೇ.

ಲಾರಿಗಳ ಮಾಲೀಕರೊಬ್ಬರು ತಮ್ಮ ಹೊಸ ಮನೆಯ ಹಾಲ್‌ನ ಗೋಡೆಗೆ ತೂಗುಹಾಕಲು ಸಂಡೂರಿನ ಗುಡ್ಡದ ಚಿತ್ರ ಬೇಕೆಂದರು. ಹಚ್ಚ ಹಸಿರಾಗಿರಬೇಕು ಎಂದೂ ಸೇರಿಸಿದರು. ಅಷ್ಟು ವರ್ಷ ಮಕ್ಕಳಿಂದ ಮಾವಿನಹಣ್ಣು, ಗುಡಿಸಲು ಬರೆಸಿದವಳಿಗೆ ಮೊದಲ ಸಲ ನಾಲ್ಕು ಜನ ನೋಡುವಂಥ ಗೋಡೆ ಸಿಕ್ಕಿತ್ತು. ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ನಮ್ಮ ಮುಂದಿನ ಕೋಣೆ ಚಿಕ್ಕದು, ಹಿಂದೆ ಸರಿದು ಚಿತ್ರ ನೋಡಲು ನಾಲ್ಕು ಹೆಜ್ಜೆ ಜಾಗವಿಲ್ಲ. ಅದಕ್ಕೇ ತಮ್ಮನ ಡಿಜಿಟಲ್ ಕ್ಯಾಮೆರಾ ಇಸಿದುಕೊಂಡು, ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಂದು, ಸಂಜೆ ಬರೆದು ಬ್ರಷ್ ತೊಳೆದ ಮೇಲೆ ಒಂದು ಫೋಟೋ ತೆಗೆಯುತ್ತಿದ್ದೆ. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಆಕಾಶ ಎಲ್ಲಿ ಭಾರವಾಯಿತು, ಗುಡ್ಡ ಎಲ್ಲಿ ವಾಲಿತು ಎಂಬುದು ತಟ್ಟನೆ ಕಾಣುತ್ತಿತ್ತು. ತಿದ್ದುತ್ತಿದ್ದೆ. ಎಷ್ಟು ತಿದ್ದಿದರೂ ಅದು ಕ್ಯಾಲೆಂಡರಿನ ಗುಡ್ಡವಾಗಿಯೇ ಉಳಿಯಿತು.

ಒಂದು ಶನಿವಾರ ಶಾಲೆಯ ಕಂಪ್ಯೂಟರಿನಲ್ಲಿ ಫೋಟೋಗಳನ್ನೆಲ್ಲ ಸಾಲಾಗಿ ಹಾಕಿ ನೋಡಿದೆ. ಸಂಜೆಯವೆಲ್ಲ ಸಪ್ಪೆ. ಬೆಳಗಿನವುಗಳಲ್ಲಿ ಮಾತ್ರ ನಾನು ದಿನಾ ಬಸ್ಸಿನಿಂದ ನೋಡುವ ಗುಡ್ಡವಿತ್ತು. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಹೊಳೆಯಿತು: ಬೆಳಗಿನ ಫೋಟೋದಲ್ಲಿ ಚಿತ್ರದ ಮೇಲೆ ರಾತ್ರಿಯ ಧೂಳು ಕೂತಿರುತ್ತಿತ್ತು. ಫೋಟೋ ಆದ ಕೂಡಲೇ ನಾನೇ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದೆ, ಸಂಜೆ ಬರೆಯಲು ಕೂರುವ ಮೊದಲು ಮತ್ತೊಮ್ಮೆ, ಟೀವಿ ಒರೆಸಿದ ಹಾಗೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ; ನನಗೆ ಕ್ಯಾಮೆರಾವೇ ಬೇಕಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮನೆಗೆ ಬಂದವಳೇ ಕಿಟಕಿಯ ಧೂಳು ಒಟ್ಟುಮಾಡಿ, ಸೋಸಿ, ಅಂಟಿನಲ್ಲಿ ಕಲಸಿ ಗುಡ್ಡದ ಮೈಗೆ ತೆಳ್ಳಗೆ ಹಚ್ಚಿದೆ. ದಿನವೂ ಹೊಸ ಫೋಟೋ ತೆಗೆದು, ಹಳೆಯ ಬೆಳಗಿನ ಫೋಟೋ ಜೊತೆ ಹೋಲಿಸಿ, ಎರಡೂ ಒಂದೇ ಆಗುವ ತನಕ ಬಿಡಲಿಲ್ಲ.

ಮಾಲೀಕರು ನೋಡಲು ಬಂದರು. ಹುಬ್ಬು ಗಂಟಿಕ್ಕಿದರು.

"ಟೀಚರಮ್ಮ, ಭಾಳ ಧೂಳ ಕುಂತೈತಿ. ಒರಸ್ರಿ ಮೊದ್ಲ."

"ನೀವ ಒರಸ್ರಿ," ಎಂದೆ.

ಅವರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಗುಡ್ಡವನ್ನು ಜೋರಾಗಿಯೇ ಉಜ್ಜಿದರು. ಕರವಸ್ತ್ರ ಬೆಳ್ಳಗೇ ಉಳಿಯಿತು. ಅದನ್ನು ತಿರುಗಿಸಿ ನೋಡಿದರು, ಚಿತ್ರವನ್ನು ನೋಡಿದರು. ಕಿಟಕಿಯಾಚೆ ಸಾಲುಗಟ್ಟಿದ್ದ ಲಾರಿಗಳ ಕಡೆ ಮಾತ್ರ ನೋಡಲಿಲ್ಲ. ಹಸಿರು ಬಳಿದುಕೊಟ್ಟರಷ್ಟೇ ಒಯ್ಯುತ್ತೇನೆ ಎಂದರು.

"ಹಸಿರು ಬೇಕಂದ್ರ ಆ ಗುಡ್ಡಕ್ಕ ಬಳೀರಿ. ಇದಕ್ಕ ಬ್ಯಾಡ."

ಆ ಗೋಡೆ ಕೈತಪ್ಪಿತು. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಚಿತ್ರ ಮುಗಿಯಿತೋ ಇಲ್ಲವೋ ಎಂದು ಅಷ್ಟು ದಿನ ಹಾಕದೆ ಬಿಟ್ಟಿದ್ದ ಸಹಿಯನ್ನು, ಅವರು ಇನ್ನೂ ಅಲ್ಲೇ ನಿಂತಿರುವಾಗ, ಅಂಟಿನಲ್ಲಿ ಕಲಸಿ ಉಳಿದಿದ್ದ ಧೂಳಿನಲ್ಲಿ ಬ್ರಷ್ ಅದ್ದಿ ಹಾಕಿದೆ.