ಮಾಸದ ಕೆಂಪು ಗುಂಡಿ

ಅಂಗಿಗೆ ಹಾಕುವ ಮರದ ಗುಂಡಿಗಳನ್ನು ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕೆಂಪಕ್ಕ ಎನ್ನುತ್ತಿದ್ದರು. ಮಂಜಿಷ್ಠದ ಬೇರಿನಿಂದ ಕೆಂಪು ಬಣ್ಣ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಮೂವತ್ತು ವರ್ಷದಿಂದ ಉಗುರುಗಳು ಕೆಂಪು. ಕೋಪವಂತೂ ಮೂಗಿನ ತುದಿಯಲ್ಲೇ. ಬೇರು, ಎಲೆ, ಈರುಳ್ಳಿ ಸಿಪ್ಪೆಯ ಬಣ್ಣವಲ್ಲದೆ ಬೇರೆ ಬಣ್ಣ ಹಂಡೆಗೆ ಬೀಳಬಾರದೆಂಬುದು ಅಲ್ಲಿನ ನಿಯಮ. ಅಂಗಡಿಯ ಪುಡಿಬಣ್ಣದ ಹೆಸರೆತ್ತಿದವರ ಗ್ರಹಚಾರ ಬಿಡಿಸುತ್ತಿದ್ದವಳು ಅವಳೇ.

ಗಂಡನ ತಂಗಿಯನ್ನು ಕರೆತಂದು ಪಕ್ಕದ ಹಂಡೆಗೆ ನಿಲ್ಲಿಸಿ ಕೆಲಸ ಕಲಿಸಿದವಳೂ ಅವಳೇ. ಆ ನಾದಿನಿ ರಜೆ ಹಾಕಿದ್ದ ಒಂದು ದಿನ ಕೆಂಪಕ್ಕ ಮೇಲ್ವಿಚಾರಕನ ಜೊತೆ ಜಗಳಕ್ಕೆ ನಿಂತು ಒಲೆ ಮರೆತಳು. ಮಂಜಿಷ್ಠ ಬಿಸಿಯಾಗಬೇಕು, ಕುದಿಯಬಾರದು. ಕುದಿಯಿತೋ, ಕೆಂಪು ಹೋಗಿ ಕಂದು ಉಳಿಯುತ್ತದೆ. ತಿರುಗಿ ನೋಡಿದರೆ ಹಂಡೆ ಕೊತಕೊತ! ನಿನ್ನೆ ಮೊನ್ನೆ ಸೇರಿದವರು ಮಾಡುವ ತಪ್ಪು. ಮಾನ ಹೋಗುತ್ತದೆಂದು ಊಟದ ಬಿಡುವಿನಲ್ಲಿ ಓಡಿಹೋಗಿ ಪುಡಿ ತಂದು ಎರಡು ಚಮಚ ಸುರಿದಳು.

ಪ್ರತಿ ಹಂಡೆಯ ಒಂದು ಗುಂಡಿಯನ್ನು ದಾರಕ್ಕೆ ಪೋಣಿಸಿ ಕಿಟಕಿಯಲ್ಲಿ ನೇತುಹಾಕುವುದು ಅಲ್ಲಿನ ವಾಡಿಕೆ. ಕಾರ್ಖಾನೆಯ ಯಜಮಾನರು ಆ ದಿನದ ಗುಂಡಿ ನೋಡಿ, "ಕೆಂಪು ಅಂದ್ರೆ ಹೀಗಿರ್ಬೇಕು" ಅಂದರು. ಅಲ್ಲಿಂದ ಅದೇ ಅಳತೆಗೋಲಾಯಿತು. ಆಮೇಲೆ ಬೇರಿನಿಂದ ಕೆಂಪಕ್ಕ ತೆಗೆದ ಕೆಂಪೂ ಅದಕ್ಕೆ ಹೊಂದಲಿಲ್ಲ. ಆದರೆ ಅವಳು "ಬೇರು ಸರಿಯಿಲ್ಲ" ಎಂದರೆ ನಂಬಿದರು. ನಾದಿನಿ ಅದನ್ನೇ ಹೇಳಿದರೆ "ನಿನ್ನ ಕೈಯೇ ಸರಿಯಿಲ್ಲ" ಎಂದು ಪ್ಯಾಕಿಂಗಿಗೆ ಹಾಕಿದರು. ಕೆಂಪಕ್ಕ ತುಟಿ ಬಿಚ್ಚಲಿಲ್ಲ. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ನಾದಿನಿ ಸಂಜೆ ಮನೆಯಲ್ಲಿ "ಕಾಲು ನೋವಾ ಅತ್ತಿಗೆ?" ಎಂದು ಬಿಸಿನೀರು ತಂದಿಟ್ಟಾಗಲಂತೂ ತಲೆಯೆತ್ತಿ ನೋಡಲು ನಾಚಿಕೆ.

ಎರಡು ವರ್ಷ ಹೀಗೇ ಕಳೆಯಿತು. ಮೊನ್ನೆ ಯಜಮಾನರು ಕೆಂಪಕ್ಕನನ್ನು ಕರೆದು, ಕಿಟಕಿಯ ದಾರ ಬಿಚ್ಚಿ ನಾದಿನಿಯ ಪ್ಯಾಕಿಂಗ್ ಮೇಜಿನ ಮೇಲೆ ಗುಂಡಿಗಳನ್ನು ಹರಡಿದರು. ಉಳಿದ ಗುಂಡಿಗಳೆಲ್ಲ ಬಿಸಿಲಿಗೆ ಮಾಸಿ ಮಂಕಾಗಿದ್ದವು. ಅಳತೆಗೋಲಾದ ಅದೊಂದು ಮಾತ್ರ ಮೊದಲ ದಿನದ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು.

"ಬಿಸಿಲಿಗೂ ಜಗ್ಗಿಲ್ಲ! ಅಂಥದ್ದೇನು ಹಾಕಿದ್ರಿ ಅಕ್ಕ?"

ಅವರು ಕೇಳಿದ್ದು ಮೆಚ್ಚುಗೆಯಿಂದಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೆಂಪಕ್ಕ ಬೆವರಿದಳು. ಕೈಗುಣ ಎಂದು ನಕ್ಕುಬಿಡಬಹುದಿತ್ತು. ಅಷ್ಟರಲ್ಲಿ ನಾದಿನಿಯೇ ನಕ್ಕಳು. "ನಮ್ಮತ್ತಿಗೆ ಕೈಗುಣ ಸಾರ್ ಅದು. ನನಗೆಲ್ಲಿ ಬರ್ಬೇಕು!"

ಅದನ್ನು ಮಾತ್ರ ತಡೆಯಲಾಗಲಿಲ್ಲ.

"ಕೈಗುಣ ಅಲ್ಲ, ಪುಡಿ," ಅಂದಳು ಕೆಂಪಕ್ಕ. "ಅವತ್ತು ಹಂಡೆ ಕುದಿಸಿಬಿಟ್ಟೆ. ಅಂಗಡಿ ಪುಡಿ ಹಾಕ್ದೆ. ಇವಳು ತೆಗೆದಿದ್ದೇ ನಿಜವಾದ ಕೆಂಪು ಸಾರ್. ಇವಳನ್ನ ಹಂಡೆಗೆ ಹಾಕಿ, ನನ್ನನ್ನ ಏನ್ಬೇಕಾದ್ರೂ ಮಾಡಿ."

ಯಜಮಾನರು ಗುಂಡಿಯನ್ನು ಎತ್ತಿ ಬೆಳಕಿಗೆ ಹಿಡಿದರು. ನಾದಿನಿ ಅತ್ತಿಗೆಯ ಕಡೆ ನೋಡಲಿಲ್ಲ. ತನ್ನೆರಡು ಅಂಗೈಗಳನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದಳು. ಉಗುರುಗಳಲ್ಲಿ ಕೆಂಪು ಹೋಗಿ ಎಷ್ಟೋ ದಿನವಾಗಿತ್ತು.

"ಎರಡು ವರ್ಷ ಈ ಕೈಗಳನ್ನೇ ಬೈಕೊಂಡ್ನಲ್ಲ ಅತ್ತಿಗೆ," ಅಂದಳು.