ಮೇಸ್ತ್ರಿಗೆ ಬಿಡುವ ಕೊಂಕು

ನಮ್ಮ ಮರಗೆಲಸದ ಅಂಗಡಿಯ ಮೇಸ್ತ್ರಿಯ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಒಂಟಿಯಾಗಿ ಹೊರಬಿದ್ದದ್ದನ್ನು ನಾನು ಕೇಳಿಲ್ಲ. ಅದರ ಬೆನ್ನಿಗೆ ಯಾವಾಗಲೂ ಒಂದು ‘ಆದರೆ’ ಜೋತುಬಿದ್ದಿರುತ್ತಿತ್ತು. ಕುರ್ಚಿ ಚೆನ್ನಾಗಿದೆ, ಆದರೆ ಸೊಂಟ ಉಳುಕಿದವನ ಹಾಗೆ ನಿಂತಿದೆ. ಬಾಗಿಲು ಚೆನ್ನಾಗಿದೆ, ಆದರೆ ಮುಚ್ಚುವಾಗ ಗೊಣಗುತ್ತದೆ. ಮಗಳು ಹುಟ್ಟಿದಾಗಲೂ ತೊಟ್ಟಿಲಿಗೆ ಬಗ್ಗಿ, ಮಗು ಲಕ್ಷಣವಾಗಿದೆ, ಆದರೆ ಕಿವಿ ತುಸು ದೊಡ್ಡದಾಯಿತು ಎಂದನಂತೆ. ಹೆಂಡತಿ ಅವನ ಕೈಗೆ ಕನ್ನಡಿ ಕೊಟ್ಟಳಂತೆ.

ಅವನ ಅಂಗಡಿಯಲ್ಲಿ ಪಾಲಿಶ್ ಹಚ್ಚುತ್ತಲೇ ತಲೆ ನರೆಸಿಕೊಂಡವನು ನಾನು. ಇಂಥವನ ಜೊತೆ ಬಾಳುವ ಉಪಾಯವನ್ನು ನಾವೆಲ್ಲ ಯಾವತ್ತೋ ಕಂಡುಕೊಂಡಿದ್ದೆವು. ಯಾವ ಸಾಮಾನು ಮುಗಿದರೂ ಬೇಕೆಂದೇ ಒಂದು ಸಣ್ಣ ಕೊಂಕು ಬಿಡುತ್ತಿದ್ದೆವು. ಡ್ರಾಯರು ಕೂದಲೆಳೆಯಷ್ಟು ಬಿಗಿ, ಇಲ್ಲವೇ ಹಿಡಿಕೆಯ ತಿರುಪು ಅರ್ಧ ಸುತ್ತು ಸಡಿಲ. ಮೇಸ್ತ್ರಿ ಅದನ್ನು ಹಿಡಿದು, ನಮ್ಮ ಜನ್ಮ ಜಾಲಾಡಿ, ತಾನೇ ಹತ್ತರಿ ಎಳೆದೋ ತಿರುಪು ಬಿಗಿದೋ ಸರಿಮಾಡಿ, ಹಬೆಯಾಡುವ ಚಹಾ ಕುಡಿದವನಂತೆ ಉಸಿರು ಬಿಡುತ್ತಿದ್ದ. ಉಳಿದದ್ದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮನುಷ್ಯನ ದೊಡ್ಡಸ್ತಿಕೆ ತಿನ್ನುವ ಮೇವು ಬಹಳ ಕಡಿಮೆ. ಹೊತ್ತಿಗೆ ಸರಿಯಾಗಿ ಹಾಕಬೇಕು, ಅಷ್ಟೆ.

ಆಮೇಲೆ ಹೊಸಬನೊಬ್ಬ ಕೆಲಸಕ್ಕೆ ಸೇರಿದ. ಕೈಯಲ್ಲಿ ಕಸುಬಿತ್ತು, ಮೂಗಿನ ತುದಿಯಲ್ಲಿ ಸೊಕ್ಕಿತ್ತು. ಮೇಸ್ತ್ರಿಯ ಮಗಳೂ ಅವನೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಮದುವೆಯಾದರೆ ಇವನನ್ನೇ ಎಂದು ಅವಳು ಅಪ್ಪನ ಮುಂದೆ ಹೇಳಿಯೂಬಿಟ್ಟಳು. ಮೇಸ್ತ್ರಿ ಕೂಗಾಡಲಿಲ್ಲ. ಅವನು ಯಾರ ನೆರವೂ ಇಲ್ಲದೆ ಒಂದು ಬೀರು ಮಾಡಲಿ, ನೋಡಿ ಹೇಳುತ್ತೇನೆ ಎಂದ.

ನಾನು ಹೊಸಬನನ್ನು ಪಕ್ಕಕ್ಕೆ ಕರೆದು ಅಂಗಡಿಯ ಗುಟ್ಟು ಬಿಚ್ಚಿದೆ. ಮಾವನಿಗೆ ಕೊಡುವ ಉಡುಗೊರೆ ಎಂದುಕೊಂಡು ಒಂದೇ ಒಂದು ಕೊಂಕು ಬಿಡು ಎಂದೆ.

“ಬೇಕು ಅಂತ ಕೆಡಿಸೋಕೆ ಕೈ ಬರಲ್ಲ ಅಣ್ಣ,” ಎಂದ. “ಅವರಿಗೆ ಸಿಕ್ಕಿದ್ರೆ ಹೇಳ್ಲಿ.”

ಸಿಗಲಿಲ್ಲ. ಅದೇ ಕಂಟಕವಾಯಿತು. ಬೀರು ಮುಗಿದ ಮರುದಿನ ಮೇಸ್ತ್ರಿ ಬೆಳಿಗ್ಗೆ ಬಂದವನು ಬೀರುವಿನ ಮೂಲೆಮೂಲೆಗೂ ಮಟ್ಟ ಹಿಡಿದ. ಬಾಗಿಲುಗಳನ್ನು ಬಡಿದ, ಮೆಲ್ಲಗೆ ತೆಗೆದ, ಕಿವಿಗೊಟ್ಟ. ಒಳಗೆ ತೂರಿ ಕೂತು, ತೀರ್ಪು ಕೇಳಲು ಬಂದಿದ್ದ ಮಗಳಿಂದ ಬಾಗಿಲು ಹಾಕಿಸಿಕೊಂಡು, ಎಲ್ಲಾದರೂ ಬೆಳಕು ಸೋರುತ್ತದೆಯೇ ಎಂದು ನೋಡಿದ. ಊಟದ ಹೊತ್ತು ಮೀರಿತು. ಒಳಗಿಂದ ಹೊರಬಂದವನ ಮುಖ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಸ್ಟೂಲಿನ ಮೇಲೆ ಕುಸಿದು ಕೂತು, ನಾಳೆ ಇನ್ನೊಮ್ಮೆ ನೋಡುತ್ತೇನೆ ಎಂದ.

ಈ ‘ನಾಳೆ’ಗೆ ಕೊನೆಯಿಲ್ಲ ಎಂದು ಮಗಳಿಗೆ ತಿಳಿಯಿತು. ಮೆಲ್ಲಗೆ ಬೀರುವಿನ ಹಿಂಬದಿಗೆ ಸರಿದು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಹೊಸಬ ಅಡ್ಡ ನಿಂತ.

“ನಿಂಗೆ ಬೀರು ಬೇಕೋ, ನಾನು ಬೇಕೋ?” ಎಂದಳು ಪಿಸುದನಿಯಲ್ಲಿ.

ಆ ಮೊಂಡ ಬೀರುವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ! ಎರಡು ಏಟು ಹಾಕೋಣವೆನಿಸಿತು ನನಗೆ. ಅಷ್ಟರಲ್ಲಿ, ಊಟಕ್ಕೆ ಬಾರದ ಗಂಡನನ್ನು ಹುಡುಕಿಕೊಂಡು ಮೇಸ್ತ್ರಿಯ ಹೆಂಡತಿಯೇ ಅಂಗಡಿಗೆ ಬಂದು, ಏನಾಯಿತೆಂದು ಕೇಳಿದಳು.

“ಕೆಲಸ ಚೆನ್ನಾಗಿದೆ,” ಎಂದ ಮೇಸ್ತ್ರಿ. ಒಂದು ‘ಆದರೆ’ ಹುಡುಕುತ್ತ ಅವನ ಕಣ್ಣು ಅತ್ತಿತ್ತ ಅಲೆದು, ಕೊನೆಗೆ ಬೀರುವಿಗೆ ಕಾವಲಾಗಿ ಎದೆಗೆ ಕೈಕಟ್ಟಿ ನಿಂತ ಹೊಸಬನ ಮೇಲೆ ನೆಟ್ಟಿತು. ಬಾಡಿದ ಮುಖ ಹಾಗೇ ಅರಳಿತು.

“ಆದರೆ ಹುಡುಗನಿಗೆ ಕೊಬ್ಬು ಜಾಸ್ತಿ ಕಣೇ.”

“ನೀವು ನನ್ನ ಕೇಳೋಕೆ ಬಂದಾಗ ನಮ್ಮಪ್ಪನೂ ಇದೇ ಅಂದಿದ್ರು,” ಎಂದಳು ಹೆಂಡತಿ. “ಇಳಿಸೋ ಕೆಲಸ ನಂಗೆ ಬಿಡಿ ಅಂದಿದ್ದೆ. ಇವತ್ತಿಗೂ ಇಳಿಸ್ತಾನೇ ಇದೀನಿ. ಇವನದನ್ನ ಅವಳು ನೋಡ್ಕೋತಾಳೆ. ನೀವು ಏಳಿ, ಊಟ ಆರ್ತಿದೆ.”

ನಾನು ಪಾಲಿಶ್ ಡಬ್ಬಿಯೊಳಗೆ ಮುಖ ಹುದುಗಿಸಿದೆ. ಮೇಸ್ತ್ರಿ ಗಂಟಿಕ್ಕಲು ಹೋದ. ಹುಬ್ಬು ಅವನ ಮಾತು ಕೇಳಲಿಲ್ಲ.

“ಹಾಗಾದ್ರೆ ಅಪ್ಪಾ?” ಎಂದಳು ಮಗಳು.

“ಆಗಲಿ, ಮಾಡ್ಕೋ,” ಎಂದು ಎದ್ದು ಹೊರಟ. ಹೊಸ್ತಿಲ ಬಳಿ ನಿಂತು, ಏನೋ ನೆನಪಾದವನಂತೆ ನಮ್ಮ ಕಡೆ ತಿರುಗಿ ಬಾಯಿ ತೆರೆದ. ಹೆಂಡತಿ ಅವನ ಬೆನ್ನಿಗೆ ಕೈಕೊಟ್ಟು ಬೀದಿಗೆ ನೂಕಿದಳು.