ಫ್ರಿಜ್ಜಿನ ಮೇಲಿನ ಡಬ್ಬಿ

ನಮ್ಮ ಕಾಪುವಿನ ಸಮೀಹಾ ಮದುವೆ ಮನೆಗೆ ಹೋದರೂ ಬಿರಿಯಾನಿಗಿಂತ ಮೊದಲು ಫ್ರಿಜ್ಜಿನ ಮೇಲೆ ಕಣ್ಣು ಹಾಯಿಸುವವಳು. ಮರೆವಿನ ಕಾಯಿಲೆಯವರ ಆಸ್ಪತ್ರೆ ದಾಖಲೆಗಳನ್ನು ಓದಿ, ಅವರು ನುಂಗುವ ವಿಟಮಿನ್ನು, ಶಕ್ತಿಪುಡಿಗಳಿಂದ ಯಾರಿಗೆ ಏನು ತೊಂದರೆಯಾಯಿತೆಂದು ಹುಡುಕುವುದು ಮಣಿಪಾಲದಲ್ಲಿ ಅವಳ ಕೆಲಸ. ದಾಖಲೆಯಲ್ಲಿ ಅವು ಇದ್ದರೆ ತಾನೇ? ರೋಗಿಗಳ ಮನೆಗೆ ಫೋನು ಮಾಡಿ "ಬೇರೆ ಮದ್ದು ಉಂಟಾ?" ಎಂದರೆ ಉದ್ಯಾವರದಿಂದ ಕಾರ್ಕಳದವರೆಗೆ ಎಲ್ಲರದೂ ಒಂದೇ ಉತ್ತರ: "ಎಂತದೂ ಇಲ್ಲ." ಮಗ ಗಲ್ಫಿನಿಂದ ಸೂಟ್‌ಕೇಸಿನಲ್ಲಿ ತಂದದ್ದನ್ನು ಮದ್ದೆನ್ನಲು ಯಾರಿಗೆ ಬಾಯಿ ಬರುತ್ತದೆ, ಮಾರಾಯರೇ! ಹಾಗಾಗಿ ಸಮೀಹಾ ಫೋನಿನಲ್ಲಿ ಮದ್ದಿನ ಮಾತೇ ಎತ್ತುವುದಿಲ್ಲ. "ಊರಿಗೆ ಯಾರು ಬಂದಿದ್ರು? ಅಜ್ಜಿಗೆ ಎಂತ ತಂದ್ರು?" ಎನ್ನುತ್ತಾಳೆ. ಡಬ್ಬಿಗಳು ತಾವಾಗಿಯೇ ಹೊರಬರುತ್ತವೆ. ಅವಳ ಮನೆಯಲ್ಲೂ ಒಂದಿತ್ತು, ಅಜ್ಜಿಯ ನೆನಪಿಗೆ ಒಳ್ಳೆಯದೆಂದು ಅಣ್ಣ ನಜೀಬ್ ದುಬೈಯಿಂದ ತಂದದ್ದು. ರಕ್ತ ಹೆಪ್ಪುಗಟ್ಟದಂತೆ ಅಜ್ಜಿ ಕುಂಞಿಪಾತುಮ್ಮ ನುಂಗುವ ಗುಳಿಗೆಗೂ ಅದಕ್ಕೂ ಆಗಿಬರುವುದಿಲ್ಲ. ಒಳಗಿದ್ದದ್ದನ್ನು ಸಮೀಹಾ ಎಸೆದಳು. ಅಜ್ಜಿ ಮಾತ್ರ ಡಬ್ಬಿ ಬಿಡಲಿಲ್ಲ. ಸಮೀಹಾ ಅದರಲ್ಲಿ ಒಣದ್ರಾಕ್ಷಿ ತುಂಬಿಸಿ ಕೊಟ್ಟಳು. ಈಗ ದಿನಾ ಊಟವಾದ ಮೇಲೆ ಅಜ್ಜಿ ತಾನೊಂದು ತಿಂದು, ಇನ್ನೊಂದನ್ನು ಮೊಮ್ಮಗಳ ಅಂಗೈಯಲ್ಲಿಡುತ್ತಾರೆ. "ನೀನು ಯಾರ ಮಗಳು? ತಿನ್ನು, ನಮ್ಮ ನಜೀಬ್ ತಂದದ್ದು."